ಬಸ್ ಸ್ಟ್ಯಾಂಡಿನ ಜ್ವರ, ನಾನು ಹೇಳದ ಹೆಸರು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಎದುರು ಸಣ್ಣದೊಂದು ಖಾಸಗಿ ದವಾಖಾನೆ ನಡೆಸುತ್ತಿದ್ದೆ. ಹುಟ್ಟಿ ಬೆಳೆದದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಾತ್ರೆ ನುಂಗದೆ ‘ನುಂಗೀನ್ರಿ’ ಎನ್ನುವವರನ್ನು ಬೈಯದೆ ಬಿಟ್ಟ ದಿನವೇ ಇಲ್ಲ. ಜನ ಬೈಸಿಕೊಂಡು, ನಕ್ಕು, ಮತ್ತೆ ನನ್ನಲ್ಲಿಗೇ ಬರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಟೈಫಾಯ್ಡ್ ಒಂದೇ ಸಮನೆ ಬರತೊಡಗಿತು. ಊರಿನವರಿಗೆ ಮಾತ್ರವಲ್ಲ, ಸಂತೆಗೆ ಬಂದು ಹೋದ ಸಿರಿಗೇರಿಯವರಿಗೂ ಬಂತು. ಏನು ತಿಂದಿರಿ, ಎಲ್ಲಿ ಕುಡಿದಿರಿ ಎಂದು ಒಬ್ಬೊಬ್ಬರನ್ನೂ ಕೇಳುತ್ತಾ ಹೋದೆ. ಎಲ್ಲರ ಉತ್ತರವೂ ಬಸ್ ಸ್ಟ್ಯಾಂಡಿಗೇ ಬಂದು ನಿಲ್ಲುತ್ತಿತ್ತು. ಅಲ್ಲಿ ತಿನ್ನುವ, ಕುಡಿಯುವ ಪದಾರ್ಥ ಮಾರುವವರು ಐದೇ ಮಂದಿ. ಟೈಫಾಯ್ಡ್ ಬಂದು ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ಅದರ ಕ್ರಿಮಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಅಂಥವರನ್ನು ನಾವು ‘ಕ್ಯಾರಿಯರ್’ ಎನ್ನುತ್ತೇವೆ. ಅವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಆದರೆ ಅವರ ಕೈ ಸೋಕಿದ ಆಹಾರದಿಂದ ಬೇರೆಯವರು ಜ್ವರ ಹಿಡಿದು ಮಲಗುತ್ತಾರೆ. ಐವರನ್ನೂ ಒಪ್ಪಿಸಿ, ಅವರ ಮಲದ ಮಾದರಿಯನ್ನು, ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಬಳ್ಳಾರಿಗೆ ಕಳಿಸಿದೆ. ಕ್ರಿಮಿ ಬೆಳೆದದ್ದು ಒಬ್ಬರದರಲ್ಲಿ ಮಾತ್ರ.

ಆಕೆ ಮಜ್ಜಿಗೆ ಮಾರುವ ಈರಮ್ಮ. ಐವತ್ತರ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಗಡಿಗೆಯ ಮಜ್ಜಿಗೆಗೆ ಉಪ್ಪು, ಕೊತ್ತಂಬರಿ ಹಾಕಿ ಕೈಯಿಂದಲೇ ಕದಡಿ ಕೊಡುತ್ತಿದ್ದಳು. ಬಿಸಿಲಿನಲ್ಲಿ ಬಸ್ಸಿಳಿದವರಿಗೆ ಅದು ಅಮೃತ. ನಾನೂ ಕುಡಿದವನೇ.

ಕರೆಸಿ ವಿಷಯ ಹೇಳಿದೆ. ಆಕೆ ನಂಬಲಿಲ್ಲ.

“ನನಗ ಜ್ವರಾನ ಇಲ್ಲಲ್ರಿ ಸಾಹೇಬ್ರ. ಗುಂಡಕಲ್ಲಿದ್ದಂಗ ಅದೀನಿ.”

ಮತ್ತೆ ವಿವರಿಸಿದೆ. ಅರ್ಥವಾದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಕುಳಿತಳು. “ಇವತ್ತಿನಿಂದ ಗಡಿಗಿ ಮುಟ್ಟಂಗಿಲ್ಲ. ಆದ್ರ ನನ್ನ ಹೆಸರು ಹೇಳಬ್ಯಾಡ್ರಿ. ಒಮ್ಮಿ ಹೆಸರು ಕೆಟ್ಟರ ಈ ಊರಾಗ ನನ್ನ ಕೈಯಾಗಿನ ನೀರೂ ಯಾರೂ ಮುಟ್ಟಂಗಿಲ್ಲ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆರೋಗ್ಯಾಧಿಕಾರಿಗೆ ತಿಳಿಸಲೇಬೇಕು ಎಂದಾಗ ಒಪ್ಪಿ ತಲೆಯಾಡಿಸಿದಳು. ಅವರಿಗೆ ತಿಳಿಸಿದೆ, ಔಷಧ ಶುರುಮಾಡಿದೆ. ಮೊಣಕಾಲು ನೋವೆಂದು ಊರಿಗೆ ಹೇಳಿ ಈರಮ್ಮ ಮನೆಯಲ್ಲಿ ಕುಳಿತಳು. ಕೆಲಸ ಮುಗಿಯಿತು ಎಂದು ನಾನು ತಿಳಿದೆ.

ಎಲ್ಲಿ ಮುಗಿಯುತ್ತದೆ? ಟೈಫಾಯ್ಡ್ ಕ್ರಿಮಿ ಮೈಯೊಳಗೆ ಹೊಕ್ಕ ಮೇಲೆ ಜ್ವರ ಕಾಣಿಸಲು ಒಂದೆರಡು ವಾರ ಬೇಕು. ಮೊದಲೇ ಮಜ್ಜಿಗೆ ಕುಡಿದವರು ಇನ್ನೂ ಮಲಗುತ್ತಲೇ ಇದ್ದರು. ಬಳ್ಳಾರಿಯಿಂದ ರಿಪೋರ್ಟ್ ಬಂದಿದೆ ಎಂಬ ಸುದ್ದಿ ಹೇಗೋ ಹರಡಿತು. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಆಂಧ್ರದ ಆದವಾನಿ ಕಡೆಯಿಂದ ಬಂದು ಇಡ್ಲಿ ಹೋಟೆಲು ಇಟ್ಟಿದ್ದ ಸುಬ್ಬಯ್ಯನ ಮೇಲೆ ಎಲ್ಲರ ಬೆರಳು ತಿರುಗಿತು. ಅವನು ಹೊರಗಿನವನು, ಮಾದರಿಯ ಡಬ್ಬಿ ಹಿಡಿದು ನನ್ನ ದವಾಖಾನೆಗೆ ಬಂದದ್ದನ್ನು ಜನ ಕಣ್ಣಾರೆ ಕಂಡಿದ್ದರು. ಅಷ್ಟು ಸಾಕಾಯಿತು. ಹೋಟೆಲು ಖಾಲಿಯಾಯಿತು, ಒಂದು ಸಂಜೆ ಯಾರೋ ಕಲ್ಲೂ ಎಸೆದರು.

ಮರುದಿನ ಸುಬ್ಬಯ್ಯ ಬಂದ. ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ.

“ಡಾಕ್ಟರ್ ಗಾರೂ, ಯಾರಂತ ನೀವು ಹೇಳೋದು ಬೇಡ. ಸುಬ್ಬಯ್ಯ ಅಲ್ಲ ಅಂತ ಒಂದು ಮಾತು ಹೇಳ್ರಿ, ಸಾಕು.”

ನ್ಯಾಯವಾದ ಮಾತು. ಹೇಳಿಯೇಬಿಡೋಣ ಎಂದು ಕುರ್ಚಿಯಿಂದ ಎದ್ದೆ. ಎದ್ದವನು ಹಾಗೇ ನಿಂತೆ. ಇವತ್ತು ಸುಬ್ಬಯ್ಯ ಅಲ್ಲ ಎಂದರೆ ನಾಳೆ ಮಿರ್ಚಿ ಅಂಗಡಿಯವನು ಬಂದು ‘ನಂದೂ ಹೇಳ್ರಿ’ ಎನ್ನುತ್ತಾನೆ, ನಾಡಿದ್ದು ಸೋಡಾ ಅಂಗಡಿಯವನು. ಒಬ್ಬೊಬ್ಬರನ್ನೇ ಬಿಡಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಈರಮ್ಮ. ಹೆಸರು ಹೇಳದೆಯೇ ನಾನು ಹೆಸರು ಹೇಳಿದಂತಾಗುತ್ತದೆ. ಹೇಳದಿದ್ದರೆ ಈ ನಿರಪರಾಧಿ ಹಾಳಾಗುತ್ತಾನೆ. ಅತ್ತ ದರಿ, ಇತ್ತ ಪುಲಿ. ಗಾಯಕ್ಕೆ ಔಷಧ ಹಚ್ಚಿ, “ಎರಡು ದಿನ ತಡಿ, ಸುಬ್ಬಯ್ಯ” ಎಂದೆ. ಅವನು ನನ್ನ ಮುಖ ನೋಡದೆ ಹೋದ. ನನಗೆ ನಾಚಿಕೆಯಾಯಿತು.

ಅದೇ ಸಂಜೆ ದವಾಖಾನೆಯ ಮುಂದೆ ಜನ ಸೇರಿದರು. ಮುಂದೆ ನಿಂತವರು ಕಿರಾಣಿ ವ್ಯಾಪಾರಿ ವೀರಭದ್ರಪ್ಪ, ಊರಿನಲ್ಲಿ ಮಾತು ನಡೆಯುವ ಹಿರಿಯರು. ಅವರ ಮೊಮ್ಮಗ ಒಳಗೆ ನನ್ನ ಮಂಚದ ಮೇಲೆಯೇ ಜ್ವರದಲ್ಲಿ ಬಡಬಡಿಸುತ್ತಿದ್ದ.

“ಹೆಸರು ಹೇಳ್ರಿ ಡಾಕ್ಟ್ರ,” ಎಂದರು.

“ಹೆಸರು ರೋಗಿದು, ನಂದಲ್ಲ. ನನ್ನ ಕಡೆಯಿಂದ ನಿಮಗ ಸಿಗಬೇಕಾದ್ದು ಬ್ಯಾರೆ ಐತಿ. ಆ ಮನುಷ್ಯರು ನಾ ಹೇಳಿದಂಗ ಕೇಳ್ಯಾರ, ಔಷಧ ತಗೊಳ್ಳಾಕ ಹತ್ಯಾರ, ಸರ್ಕಾರಕ್ಕ ಗೊತ್ತೈತಿ. ಇನ್ನು ಮ್ಯಾಲೆ ಅಲ್ಲಿಂದ ಯಾರಿಗಾದ್ರೂ ಹತ್ತಿದ್ರ ನನ್ನ ಕೊರಳಪಟ್ಟಿ ಹಿಡೀರಿ.”

“ನಿಮ್ಮ ಕೊರಳು ತಗೊಂಡು ನಾ ಏನ್ ಮಾಡಲಿ? ಒಳಗ ಮಲಗಿದ್ದು ನನ್ನ ಮೊಮ್ಮಗ. ನನಗೂ ಹೇಳಂಗಿಲ್ಲೇನು?”

ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಹಿಂದಿನಿಂದ ಯಾರೋ, “ಇವ್ರನ್ನೇನು ಕೇಳ್ತೀರಿ, ನಡೀರಲೇ ಸುಬ್ಬಯ್ಯನ ಹೋಟ್ಲಿಗೆ” ಎಂದ. ಗುಂಪು ಆ ಕಡೆ ತಿರುಗಿತು.

ಮಾತ್ರೆಗೆಂದು ಬಂದಿದ್ದ ಈರಮ್ಮ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಮೆಟ್ಟಿಲಿಳಿದು ಜನರ ಮುಂದೆ ಹೋಗಿ ನಿಂತಳು.

“ಅವನ ಹೋಟ್ಲಿಗೆ ಹೋಗಬ್ಯಾಡ್ರಿ. ಆ ಜಡ್ಡು ಇರೋದು ನನ್ನ ಮೈಯಾಗ. ಇನ್ನೊಬ್ರ ಹೊಟ್ಟಿ ಮ್ಯಾಲೆ ಹೊಡೆದು ನಾ ಹೆಸರು ಉಳಿಸ್ಕೊಳ್ಳಂಗಿಲ್ಲ.”

ವೀರಭದ್ರಪ್ಪ ನನ್ನ ಕಡೆ ತಿರುಗಿ, “ಖರೇನಾ?” ಎಂದರು. ನಾನು ಆಗಲೂ ಈರಮ್ಮನನ್ನೇ ನೋಡಿದೆ. “ಹೇಳ್ರಿ ಸಾಹೇಬ್ರ, ಈಗ ಹೇಳ್ರಿ” ಎಂದಳು. ಹೌದು ಎಂದೆ. ಗೊತ್ತಾದ ದಿನದಿಂದ ಆಕೆ ಗಡಿಗೆ ಮುಟ್ಟಿಲ್ಲವೆಂದೂ ಹೇಳಿದೆ. ಯಾರಾದರೂ ಕೈ ಎತ್ತಿಯಾರೆಂದು ಇಳಿದು ಆಕೆಯ ಪಕ್ಕ ನಿಂತೆ. ವೀರಭದ್ರಪ್ಪ ಜನರಿಗೆ, “ಮನೀಗೆ ನಡೀರಿ” ಎಂದಷ್ಟೇ ಹೇಳಿ ಮೊಮ್ಮಗನ ಬಳಿ ಹೋದರು.

ಹುಡುಗ ಬದುಕಿದ. ಸುಬ್ಬಯ್ಯನ ಹೋಟೆಲಿನಲ್ಲಿ ಮತ್ತೆ ಜನ ಕುಳಿತರು. ಈರಮ್ಮ ಹೆದರಿದ್ದೇ ಆಯಿತು. ಆಕೆಯನ್ನು ಯಾರೂ ಬೈಯಲಿಲ್ಲ, ಹತ್ತಿರವೂ ಸೇರಿಸಲಿಲ್ಲ. ಔಷಧದಿಂದ ಪೂರ್ತಿ ವಾಸಿಯಾಗದೆ, ಕೊನೆಗೆ ಬಳ್ಳಾರಿಯಲ್ಲಿ ಆಪರೇಷನ್ ಮಾಡಿ ಪಿತ್ತಕೋಶ ತೆಗೆದರು. ಆಮೇಲೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದೆ. ಕ್ರಿಮಿ ಇರಲಿಲ್ಲ. ಮಜ್ಜಿಗೆ ಮಾರಲು ಆರೋಗ್ಯಾಧಿಕಾರಿಯ ಒಪ್ಪಿಗೆಯೂ ಸಿಕ್ಕಿತು. ಕುಣಿಯುವಷ್ಟು ಖುಷಿಯಾಗಿ, “ನಾಳೆ ಊರಿಗೆಲ್ಲ ನಾನ ಹೇಳ್ತೀನಿ” ಎಂದೆ.

ಆಕೆ ತಲೆ ಅಲ್ಲಾಡಿಸಿದಳು. “ಹೇಳಬ್ಯಾಡ್ರಿ ಸಾಹೇಬ್ರ. ಕುಡೀರಿ.”

ಮರುದಿನ ಬೆಳಗಿನ ಬಸ್ಸುಗಳು ಬಂದು ನಿಂತ ಹೊತ್ತಿಗೆ ಈರಮ್ಮ ಗಡಿಗೆ ಇಟ್ಟುಕೊಂಡು ಕುಳಿತಿದ್ದಳು. ಈಗ ಕೈ ಹಾಕದೆ ಸೌಟಿನಿಂದ ಕದಡುತ್ತಿದ್ದಳು. ನಾನು ರೋಗಿಗಳನ್ನು ಬಿಟ್ಟು ರಸ್ತೆ ದಾಟಿ, ಎಲ್ಲರೂ ನೋಡುವಂತೆ ಒಂದು ಲೋಟ ಕುಡಿದೆ. ಯಾರೂ ಕದಲಲಿಲ್ಲ. ಇನ್ನೊಂದು ಕುಡಿದೆ. ಆಗ ಎದುರಿನ ಹೋಟೆಲಿನಿಂದ ಸುಬ್ಬಯ್ಯ ತನ್ನದೇ ಲೋಟ ಹಿಡಿದು ಬಂದು, “ನನಗೂ ಹಾಕಮ್ಮಾ” ಎಂದ. ಆ ದಿನ ಕುಡಿದವರು ನಾವಿಬ್ಬರೇ. ಮೂರನೆಯವರು ಬರಲು ಒಂದು ವಾರವೇ ಹಿಡಿಯಿತು, ಬಂದವರು ವೀರಭದ್ರಪ್ಪ.

ರೋಗಿಯ ಗುಟ್ಟು ರೋಗಿಯದು, ಅದನ್ನು ಬಿಚ್ಚುವ ಹಕ್ಕು ವೈದ್ಯನಿಗಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಗುಟ್ಟು ಕಾದರೆ ವೈದ್ಯನ ಹೊಣೆ ತೀರುವುದಿಲ್ಲ, ಆ ಗುಟ್ಟಿನ ಭಾರ ಯಾರ ತಲೆಯ ಮೇಲೆ ಬೀಳುತ್ತಿದೆ ಎಂದು ನೋಡಿ ಅಲ್ಲಿ ತಾನೂ ಹೋಗಿ ಹೆಗಲು ಕೊಡಬೇಕು ಎಂಬುದನ್ನು ಮಾತ್ರ ಯಾವ ಪುಸ್ತಕವೂ ಹೇಳಿರಲಿಲ್ಲ. ಸುಬ್ಬಯ್ಯನ ಹೋಟೆಲಿಗೆ ಕಲ್ಲು ಬಿದ್ದ ಸಂಜೆಯೇ ನಾನು ಅಲ್ಲಿಗೆ ಹೋಗಿ ಎಲ್ಲರೂ ನೋಡುವಂತೆ ಇಡ್ಲಿ ತಿನ್ನಬಹುದಿತ್ತಲ್ಲ.