ಬೀರಣ್ಣ ಕಲಿಸಿದ ನಾಳೆ

ಶಾಲೆಯ ಆಫೀಸಿನ ಗೋಡೆಗೆ ಮಾಸ್ತರರ ಹೆಸರಿನ ಬೋರ್ಡು ತೂಗುಹಾಕಿದ್ದಾರೆ. ಹದಿನಾರು ಹೆಸರು. ಅದರಲ್ಲಿ ಬೀರಣ್ಣನ ಹೆಸರಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಒಂಬತ್ತನೇ ಕ್ಲಾಸಿಗೆ ಫ್ರೆಂಚ್ ಕಲಿಸಿದವನು ಅವನು. ಆ ವರ್ಷ ಶಾಲೆಯವರು ಅಚ್ಚು ಹಾಕಿಸಿದ ವಾರ್ಷಿಕ ಸಂಚಿಕೆಯಲ್ಲಿ ಅವನ ಫೋಟೋದ ಕೆಳಗೆ ಬಂದದ್ದು ಇಷ್ಟೇ: 'ಬೀರಣ್ಣ, ವ್ಯಾನ್ ಚಾಲಕ.'

"ಚಾಲಕ ಅಂತ ಹಾಕ್ಲಿ, ನಾ ಬ್ಯಾಡ ಅನ್ನಂಗಿಲ್ಲ. ವ್ಯಾನ್ ಹೊಡದೀನಿ. ಆದ್ರ ಪಾಠ ಹೇಳಿದ್ದು ಯಾರು? ಆ ವ್ಯಾನೇನು?" ಎಂದು ಇವತ್ತಿಗೂ ಊಟಕ್ಕೆ ಕೂತಾಗ ಹೆಂಡತಿಯ ಮೇಲೆ ಹರಿಹಾಯುತ್ತಾನೆ.

"ನನಗ್ಯಾಕ ಬೈತಿ? ನಾ ಅಚ್ಚ ಹಾಕೀನೇನು? ರೊಟ್ಟಿ ತಿನ್ನು," ಎನ್ನುತ್ತಾಳೆ ರೇಣಮ್ಮ.

ಬೀರಣ್ಣ ಕಕ್ಕೇರಾದವನು. ಓದಿದ್ದು ಐದನೇ ಕ್ಲಾಸು. ಆಮೇಲೆ ಅಪ್ಪನ ಕುರಿ, ಕುರಿ ಬಿಟ್ಟು ಬೋರ್‌ವೆಲ್ ಲಾರಿ. ಲಾರಿಯ ತಮಿಳು ಮಾಲಕ ಒಂದು ವರ್ಷ ಯಂತ್ರವನ್ನೇ ಹಡಗಿಗೇರಿಸಿ ಆಫ್ರಿಕಾದ ಐವರಿ ಕೋಸ್ಟಿಗೆ ಒಯ್ದ. ಯಂತ್ರದ ಜೊತೆ ಬೀರಣ್ಣನೂ ಹೋದ. ಹನ್ನೊಂದು ವರ್ಷ ಅಲ್ಲಿ ಬೋರು ಕೊರೆದ. ಅಲ್ಲಿ ಮಂದಿ ಆಡುವುದು ಫ್ರೆಂಚ್. ಪೈಪು ಹಿಡಿಯುವವರ ಸಂಗಡ, ಉಳ್ಳಾಗಡ್ಡಿ ಮಾರುವ ಹೆಂಗಸರ ಸಂಗಡ, ನಾಕಾದ ಪೊಲೀಸರ ಸಂಗಡ ಬಾಯಿ ಮಾಡಿ ಮಾಡಿ ಅವನಿಗೆ ಆ ಭಾಷೆ ಬಂತು. ಒಂದಕ್ಷರ ಬರೆಯಲು ಬಾರದು. ಜಗಳಾಡಲು ಬೇಕಾದಷ್ಟು ಬರುತ್ತದೆ.

ತಿರುಗಿ ಬಂದು ಸುರಪುರದಲ್ಲಿ ಮನೆ ಮಾಡಿ, ಶಹಾಪುರದ ಕಡೆಯ ಒಂದು ಖಾಸಗಿ ಶಾಲೆಯ ವ್ಯಾನ್ ಹೊಡೆಯಲು ಸೇರಿದ. ಅದರ ಸೆಕ್ರೆಟರಿ ಸಂಗಮನಾಥ ಊರ ತುಂಬ ಬ್ಯಾನರು ಕಟ್ಟಿಸಿದ್ದ: 'ಇಲ್ಲಿ ಫ್ರೆಂಚ್ ಕಲಿಸಲಾಗುವುದು.' ಕಲಿಸಲು ಕರೆತಂದ ಹುಡುಗಿ ಎರಡು ತಿಂಗಳಿಗೇ ಓಡಿಹೋದಳು. ಆಗಲೇ ಒಂದು ದಿನ ಬೀರಣ್ಣ ವ್ಯಾನಿನ ಪಕ್ಕ ನಿಂತು ಆಫ್ರಿಕಾದ ಹಳೇ ಗೆಳೆಯನ ಮೇಲೆ ಫೋನಿನಲ್ಲಿ ಕೂಗಾಡುತ್ತಿದ್ದುದು ಸೆಕ್ರೆಟರಿಯ ಕಿವಿಗೆ ಬಿತ್ತು.

"ಏ ಬೀರಣ್ಣ, ಅದ್ಯಾವ ಭಾಷಾನೋ?"

"ಫ್ರೆಂಚ್ರಿ."

ಸಂಗಮನಾಥನ ಮುಖ ಅರಳಿತು. "ವರ್ಷದ ಮಟ್ಟಿಗೆ ನೀನೇ ನಡಸು. ಬರೋಬರಿ ನಡೀತಂದ್ರ ಜೂನ್‌ದಾಗ ನಿನ್ನ ಹೆಸರು ಬೋರ್ಡಿನ ಮ್ಯಾಲ ಬರಸ್ತೀನಿ."

ಆ ಬೋರ್ಡಿಗಾಗಿ ಬೀರಣ್ಣ ಇಸ್ತ್ರಿ ಅಂಗಿ ತೊಟ್ಟ. ಮಕ್ಕಳು ಮೊದಲು ನಕ್ಕರು. ವ್ಯಾನಿನಲ್ಲಿ 'ಅಂಕಲ್' ಎನ್ನುತ್ತಿದ್ದವರು ಕ್ಲಾಸಿನಲ್ಲಿ 'ಸರ್' ಅನ್ನಬೇಕಲ್ಲ. ತಿಂಗಳೊಳಗೆ ವ್ಯಾನಿನಲ್ಲೂ 'ಸರ್' ಆದ. ಅಂದು ಮನೆಗೆ ಬಂದು ಅದನ್ನೇ ಮೂರು ಸಲ ಹೇಳಿದ.

ದೀಪಾವಳಿ ಮುಗಿದ ಮೇಲೆ ನಾಳಿನ ಮಾತಿನ, ಅಂದರೆ ಭವಿಷ್ಯತ್ ಕಾಲದ, ಪಾಠ ಬಂತು. ಬೀರಣ್ಣ ಪುಸ್ತಕ ಮುಚ್ಚಿಸಿದ.

"ನಿಂಗರಾಜ, ಏಳು. 'ನಮ್ಮಪ್ಪ ಕುರಿ ಕಾಯ್ತಾನ.' ಇದು ಇವತ್ತಿಂದೋ ನಾಳಿಂದೋ?"

"ಎರಡೂ ಹೌದ್ರಿ ಸರ್. ನಾಳೀನೂ ಅವನೇ ಕಾಯ್ತಾನ. ನಾ ಅಂತೂ ಹೋಗಂಗಿಲ್ಲ."

ಕ್ಲಾಸು ನಕ್ಕಿತು. ಬೀರಣ್ಣನೂ ನಕ್ಕ. "ನಮ್ಮ ಮಾತಿನಾಗ ಎರಡೂ ಒಂದೇ. ಅವರದು ಹಂಗಲ್ಲ. ನಾಳಿಂದು ಹೇಳಬೇಕಂದ್ರ ಮುಂದ ಒಂದು 'ಹೊಂಟೀನಿ' ಹಚ್ಚತಾರ. ಉಣ್ಣಾಕ ಹೊಂಟೀನಿ, ಜ ವೆ ಮಾಂಜೆ. ಮಲಗಾಕ ಹೊಂಟೀನಿ, ಜ ವೆ ದೊರ್ಮೀರ್. 'ವೆ' ಅಂದ್ರ ಹೊಂಟೀನಿ. ಮುಗೀತು."

ಮೂವತ್ತು ಗಂಟಲು ಒಟ್ಟಿಗೇ ಉಣ್ಣಲು ಹೊರಟವು, ಮಲಗಲು ಹೊರಟವು. ಬಾಜೂ ಕ್ಲಾಸಿನ ಗಣಿತದ ಮಾಸ್ತರ ಬಂದು ಇಣುಕಿ ಹೋದ.

ಆಗ ದೇವಾಪುರದ ಸುಮಲತಾ ಎದ್ದಳು. ಕುರಿಗಾರ ಪರಮಣ್ಣನ ಮಗಳು. ಮೆಲ್ಲಗೆ ಮಾತಾಡುವವಳು, ಹಿಡಿದದ್ದು ಬಿಡದವಳು.

"ಸರ್, ಮನಿ ಬಿಟ್ಟು ಹೊಂಟಾಗ ಏನನ್ನಬೇಕ್ರಿ?"

"ಬರ್ತೀನಿ ಅನ್ನಬೇಕು. ಜ ವೆ ವನೀರ್."

"ಅಂದ್ರ 'ಬರಾಕ ಹೊಂಟೀನಿ' ಅಂದಂಗಾತಲ್ರಿ?"

ಕ್ಲಾಸು ಗೊಳ್ಳೆಂದಿತು. "ಬರಾಕ ಯಾರರ ಹೋಗ್ತಾರೇನ್ರಿ ಸರ್!" ಎಂದು ನಿಂಗರಾಜ ಬೆಂಚು ಬಡಿದ.

ಸುಮಲತಾ ನಗಲಿಲ್ಲ. "ಹೊಸ್ತಿಲದಾಗ ನಿಂತು 'ಹೋಗ್ತೀನಿ' ಅಂದ್ರ ನಮ್ಮವ್ವ ಬಡೀತಾಳ್ರಿ. 'ಹೋಗು' ಇಲ್ಲದ, ಬರೇ 'ಬರ್ತೀನಿ' ಅನ್ನೂದೂ ಒಂದು ಅದ ಸರ್. ಜ ವಿಯಾಂದ್ರೆ."

ಬೀರಣ್ಣನ ಕಿವಿ ಬಿಸಿಯಾಯಿತು. "ಏನಂದಿ? ಹನ್ನೊಂದು ವರ್ಷ ಆ ಮಂದಿ ಕೂಡ ಒಂದ ತಾಟಿನಾಗ ಉಂಡೀನಿ. ಒಬ್ಬನ ಬಾಯಾಗೂ ಆ ಮಾತು ಕೇಳಿಲ್ಲ ನಾ! ನೀ ಎಲ್ಲಿ ಹೆಕ್ಕಿದಿ?"

"ಪುಸ್ತಕದಾಗ ಅದ್ರಿ."

"ಪುಸ್ತಕ ಮಾತಾಡ್ತದೇನು? ಪೊಲೀಸ ಹಿಡದ್ರ ಪುಸ್ತಕ ಬಿಡಸ್ಕೊಂಡು ಬರ್ತದೇನು? ನಡಿ ಹೊರಗ!"

ಆ ದಿನ ಅಷ್ಟೇ ಅಲ್ಲ, ಮರುದಿನವೂ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ. ಅವಳು ಅಳಲೂ ಇಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಅದು ಅವನ ಸಿಟ್ಟನ್ನು ಇನ್ನಷ್ಟು ಏರಿಸಿತು.

ಮೂರನೆಯ ದಿನ ಹೈದರಾಬಾದಿನಿಂದ ಶಾಲೆ ನೋಡಲು ಒಬ್ಬರು ಮೇಡಂ ಬಂದರು. ಫ್ರೆಂಚ್ ಬಲ್ಲವರು. ಸಂಗಮನಾಥ ಬೆವರು ಒರೆಸಿಕೊಳ್ಳುತ್ತ ಅವರ ಹಿಂದೆ ನಿಂತಿದ್ದ. ನಾಳೆ ಮತ್ತೆ ಬರುತ್ತೇನೆ ಎನ್ನುವುದನ್ನು ಹೇಗೆ ಹೇಳುತ್ತೀರಿ ಎಂದು ಮೇಡಂ ಕೇಳಿದರು. "ಜ ವೆ ವನೀರ್!" ಎಂದು ಕ್ಲಾಸು ಒಕ್ಕೊರಲಿನಿಂದ ಕೂಗಿತು.

"ಸರಿ. ಇದಕ್ಕೆ ಇನ್ನೊಂದು ರೂಪ ಇದೆ. ಯಾರಿಗಾದರೂ ಗೊತ್ತೇ?"

ಸುಮಲತಾ ಒಮ್ಮೆ ಬೀರಣ್ಣನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ನೋಡಿದ. ಅವಳು ಎದ್ದು ನಿಂತು, "ಜ ವಿಯಾಂದ್ರೆ" ಎಂದಳು.

"ಶಾಬಾಸ್! ದೊಡ್ಡವರೂ ಎಡವುವ ಮಾತು ಇದು. ಯಾರು ಹೇಳಿಕೊಟ್ಟರು?"

"ಬೀರಣ್ಣ ಸರ್ ಹೇಳ್ಯಾರ್ರಿ."

ಒಬ್ಬರೂ ನಗಲಿಲ್ಲ. ನಿಂಗರಾಜ ಕೂಡ ತಲೆ ತಗ್ಗಿಸಿದ್ದ. ಬೀರಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಫ್ರೆಂಚ್ ಚೆನ್ನಾಗಿ ನಡೆದಿದೆ ಎಂದು ಮೇಡಂ ಶಾಲೆಯ ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋದರು.

ಜೂನ್ ಬಂತು. ಬೋರ್ಡಿಗೆ ಹೊಸ ಬಣ್ಣ ಬಳಿದರು. ಫ್ರೆಂಚ್ ಎಂಬಲ್ಲಿ ಪೇಂಟರ್ ಶಾಕೀರ ಯಾರೋ ಡಿಗ್ರಿ ಆದವನ ಹೆಸರು ಬರೆಯುತ್ತಿದ್ದುದನ್ನು ಬೀರಣ್ಣ ವ್ಯಾನಿನಿಂದ ಇಳಿಯುವಾಗಲೇ ಕಂಡ. ಸೀದಾ ಆಫೀಸಿಗೆ ನುಗ್ಗಿದ.

"ನನ್ನ ಹೆಸರೆಲ್ಲಿ?"

"ಸಮಾಧಾನ ಬೀರಣ್ಣ. ಐದನೇ ಕ್ಲಾಸಿನವಂದು ಹೆಂಗ ಬರಸಲಿ? ಮುಂದ ನೋಡೋಣಂತ."

"ನೋಡೋಣಂತ! ಒಂ ವಾ ವುವಾರ್! ಅಲ್ಲಿನ ಸಾವಕಾರನೂ ಇದನ್ನೇ ಅಂತಿದ್ದ, ಹನ್ನೊಂದು ವರ್ಷ ಕೇಳೀನಿ. ಆ ಮೇಡಂ ಕೇಳಿದಾಗ ಉತ್ತರ ಬಂದದ್ದು ಎಲ್ಲಿಂದ? ನನ್ನ ಪಾಠದಿಂದ! ವಿಯಾಂದ್ರೆ ಅಂತ ಕಲಿಸಿದಾಂವ ನಾನು! ನಿನ್ನ ಡಿಗ್ರಿಯವ ಕಲಿಸ್ಯಾನೇನು?"

ವ್ಯಾನಿನ ಚಾವಿ ಮೇಜಿನ ಮೇಲೆ ಎಸೆದು ತಿರುಗಿದ. ಬಾಗಿಲಲ್ಲಿ ಪರಮಣ್ಣ ನಿಂತಿದ್ದ, ಹತ್ತನೇ ಕ್ಲಾಸಿಗೆ ಬೇರೆ ಶಾಲೆಗೆ ಹಾಕಬೇಕೆಂದು ಮಗಳ ಟಿ.ಸಿ. ಒಯ್ಯಲು ಬಂದಿದ್ದ. ಮಗ್ಗುಲಲ್ಲಿ ಸುಮಲತಾ. ಎಲ್ಲ ಕೇಳಿಸಿಕೊಂಡಿದ್ದಳು. "ನಮಸ್ಕಾರ್ರಿ ಸರ್" ಎಂದಳು, ಅಷ್ಟೇ. ಅವನು ಗೇಟು ದಾಟಿ ಬಿಸಿಲಲ್ಲಿ ನಡೆದೇ ಹೋದ.

ಪುಸ್ತಕದ್ದೇ ಖರೆ ಎಂದು ಅವನು ಆಫ್ರಿಕಾದ ಗೆಳೆಯನನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡ. "ನಾವು ಹಾಗೆ ಆಡುವುದು ಕಡಿಮೆ, ಆದರೆ ಹುಡುಗಿ ಸರಿ" ಎಂದ ಗೆಳೆಯ. ಅವನ ಮೇಲೂ ಬೀರಣ್ಣ ರೇಗಿದ, ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ ಎಂದು.

ಆಮೇಲೆ ಒಂದು ದಿನ ಕುರಿಮರಿ ನೋಡುವ ನೆಪ ಮಾಡಿ ದೇವಾಪುರಕ್ಕೆ ಹೋದ. ಪರಮಣ್ಣ ಕಂಬಳಿ ಹಾಸಿ ಕೂರಿಸಿದ. ಸುಮಲತಾ ಚಹಾ ತಂದಿಟ್ಟಳು. ಬೀರಣ್ಣ ಸಂಗಮನಾಥನನ್ನು ಬೈಯಲು ಶುರು ಮಾಡಿದ. ಬೋರ್ಡನ್ನು ಬೈದ, ಡಿಗ್ರಿಯವನನ್ನು ಬೈದ, ಫೋಟೋ ಅಚ್ಚು ಹಾಕಿದವನನ್ನೂ ಬಿಡಲಿಲ್ಲ.

"ಚಹಾ ಆರ್ತದ್ರಿ ಸರ್," ಎಂದಳು ಸುಮಲತಾ.

ಒಂದೇ ಗುಟುಕಿಗೆ ಕುಡಿದ. ಮತ್ತೆ ಸಂಗಮನಾಥನನ್ನೇ ಬೈದ. ತಾನು ಬಂದದ್ದು ಯಾಕೆಂದು ಅವಳಿಗೆ ತಿಳಿದೇ ಇತ್ತು ಎಂದು ಅವನಿಗೆ ಈಗಲೂ ಅನಿಸುತ್ತದೆ. ಗೋಡೆಗೊರಗಿ ಅವಳು ಕಾಯುತ್ತಲೇ ಇದ್ದಳು. ಬಸ್ಸಿನ ಹೊತ್ತಾಯಿತು, ಅವನು ಎದ್ದ. ಅವಳೀಗ ಯಾದಗಿರಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. 'ನಿಂದೇ ಖರೆ ಇತ್ತು ತಂಗಿ' ಎಂಬ ಒಂದು ಮಾತನ್ನು ಬೀರಣ್ಣ ಅವಳಿಗೆ ಇನ್ನೂ ಕೊಟ್ಟಿಲ್ಲ.