ವರ್ಡಿ ತಿರುಗಿಸಿದ ಹೆಜ್ಜೆಗಳು

ಬೇಲಿಯ ಮೇಲೆ ಒಣಹಾಕಿದ ಕೌದಿಯೊಂದು ಕಣ್ಣಿಗೆ ಬಿದ್ದರೆ ಸಾಕು, ವರ್ಡಿ ಸ್ಟಿಡಮ್ ಅದರ ಚೌಕದ ವಿನ್ಯಾಸಕ್ಕಿರುವ ಹೆಸರಿನ ಜೊತೆಗೆ ಹೊಲಿದವಳ ತವರನ್ನೂ ಹೇಳಿಬಿಡುತ್ತಿದ್ದಳು. ನಡುವೆ ಕೆಂಪು ತುಂಡು, ಸುತ್ತ ಪಟ್ಟಿಗಳಿದ್ದರೆ ಅದು ‘ಮರದ ಮನೆ’. ಆ ಕೆಂಪು ಒಲೆಯ ಬೆಂಕಿ. ಅದೇ ಚೌಕಗಳಲ್ಲಿ ಗಾಢ ಬಣ್ಣದ ಪಟ್ಟಿಗಳಿರುವ ಮಗ್ಗುಲನ್ನು ಓರೆಯಾಗಿ ಸಾಲು ಹಿಡಿಸಿದರೆ ‘ಉತ್ತ ಸಾಲು’. ‘ಕರಡಿ ಪಾದ’ದ ಉಗುರು ಮೊಂಡಾಗಿದ್ದರೆ ಮೂಗು ಮುರಿಯುವಳು. "ಇದು ಕೆಳಗಿನ ಹಳ್ಳದವರ ಕೆಲ್ಸ. ಚೂಪು ತೆಗೆಯೋ ತಾಳ್ಮೆ ಅವರಿಗೆಲ್ಲಿದೆ?"

ಕೆಂಟಕಿಯ ಆ ಬೆಟ್ಟಗಳಲ್ಲಿ ತಲೆ ನರೆತವಳು ಊರಿಗೆಲ್ಲ ಅತ್ತೆ. ವರ್ಡಿ ಅತ್ತೆಗೆ ಜಂಬವಿತ್ತು, ಮುಚ್ಚಿಡುವುದೇಕೆ? ತಾನು ಹಾಕಿದ ಹೊಲಿಗೆಯನ್ನು ಅವಳು ಯಾವತ್ತೂ ಬಿಚ್ಚಿದವಳಲ್ಲ. ಬಿಚ್ಚುವುದೆಂದರೆ ಅವಳ ಪಾಲಿಗೆ ಉಗುಳಿದ್ದನ್ನು ನೆಕ್ಕಿದ ಹಾಗೆ.

ಮೊಮ್ಮಗಳು ಡೆಲ್ಫಾಳ ಮದುವೆ ಬೆಟ್ಟದಾಚೆಯ ಆರ್ವಿಲ್ ಜೊತೆ ಗೊತ್ತಾಗಿತ್ತು. ಮದುವೆ ಕೌದಿಗೆಂದು ವರ್ಡಿ ಆರಿಸಿದ್ದು ‘ಟರ್ಕಿ ಕೋಳಿ ಹೆಜ್ಜೆ’. ಒಂದೊಂದು ಚೌಕದಲ್ಲೂ ನಾಲ್ಕು ಕಾಲು, ಬೆರಳುಗಳು ನಾಲ್ಕು ಮೂಲೆಗೆ. ಆ ಕಾಲುಗಳನ್ನೆಲ್ಲ ಡೆಲ್ಫಾಳ ತೀರಿಹೋದ ತಾಯಿಯ ಉಡುಪುಗಳಿಂದ ಕತ್ತರಿಸಿದ್ದಳು. ಆ ಬಟ್ಟೆಯ ಒಂದು ಚೂರೂ ಮಿಕ್ಕಿರಲಿಲ್ಲ.

ಕೌದಿ ಕೂಡಿಸುವ ದಿನ ಹೆಂಗಸರೆಲ್ಲ ಸೇರಿದರು. ಸೂರಿಗೆ ಹಗ್ಗದಲ್ಲಿ ಕಟ್ಟಿದ್ದ ಚೌಕಟ್ಟನ್ನು ಕೆಳಗಿಳಿಸಿ, ಹತ್ತಿಯ ಮೇಲೆ ಚೌಕಗಳನ್ನು ಕೂಡಿಸಿದ ಮೇಲ್ಹಾಸನ್ನು ಬಿಗಿದರು. ಇನ್ನೇನು ಸೂಜಿ ಇಳಿಯಬೇಕು, ಅಷ್ಟರಲ್ಲಿ ಆರ್ವಿಲ್‌ನ ತಾಯಿ ರೋಡಾ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ನನ್ನ ಮಗನ ಹಾಸಿಗೆಗೆ ಅಲೆಮಾರಿ ಕಾಲು ಹೊಲಿದಿದ್ದೀರಾ?"

"ಯಾವ ಅಲೆಮಾರಿ?" ವರ್ಡಿ ಕೆರಳಿದಳು. "ಇದು ಟರ್ಕಿ ಕೋಳಿ ಹೆಜ್ಜೆ ಕಣೆ. ಗಂಡು ಮಕ್ಕಳು ಇದನ್ನ ಹೊದ್ದರೆ ಮನೆ ಬಿಟ್ಟು ಹೋಗ್ತಾರೆ ಅಂತ ನಮ್ಮಜ್ಜಿ ಕಾಲದಲ್ಲೇ ಆ ಅಲೆಮಾರಿ ಅನ್ನೋ ಹಳೇ ಹೆಸರು ಕಿತ್ತೆಸೆದ್ರು. ಹೆಸರಿನ ಜೊತೆ ದೋಷಾನೂ ಹೋಯ್ತು."

"ಹೆಸರು ಬದಲಾಯಿಸಿದ್ರೆ ಕಾಲು ತಿರುಗುತ್ತಾ ಅತ್ತೆ? ನೋಡಿ, ಎಲ್ಲಾ ಬೆರಳೂ ಹೊರಗಡೇನೇ. ನನ್ನ ದೊಡ್ಡ ಮಗ ಹಾಬರ್ಟ್ ಇಂಥದ್ದೇ ಹೊದ್ದು ಬೆಳೆದ. ರೈಲು ಹತ್ತಿ ಹೋದವನು ಇದ್ದಾನೋ ಇಲ್ಲವೋ ಗೊತ್ತಿಲ್ಲ. ಇನ್ನೊಬ್ಬನ್ನೂ ಕಳಕೊಳ್ಳೋ ಶಕ್ತಿ ನನಗಿಲ್ಲ. ಈ ಕೌದಿ ಬರೋದಾದ್ರೆ ಮದುವೇನೇ ಬೇಡ."

"ಹಂಗಾದ್ರೆ ಆರ್ವಿಲ್ ಕಾಲನ್ನ ಮಂಚಕ್ಕೆ ಕಟ್ಟಿಹಾಕಿ!" ಎಂದಳು ಪಕ್ಕದ ಮನೆಯ ಐಡೆಲ್. ಎಲ್ಲರೂ ನಕ್ಕರು. ರೋಡಾ ನಗಲಿಲ್ಲ.

ಡೆಲ್ಫಾ ಕೌದಿಯ ಅಂಚು ಹಿಡಿದುಕೊಂಡು ಅಳತೊಡಗಿದಳು. "ಅಮ್ಮನ ಬಟ್ಟೆ ಬಿಟ್ಟು ನಾನೆಲ್ಲಿಗೂ ಹೋಗಲ್ಲ ಅಜ್ಜಿ."

ವರ್ಡಿಗೆ ಮೈಯೆಲ್ಲ ಉರಿಯಿತು. ಚೌಕಗಳ ವಿಷಯದಲ್ಲಿ ಅವಳಿಗೆ ಎದುರಾಡುವವರು ಇದುವರೆಗೆ ಹುಟ್ಟಿರಲಿಲ್ಲ. ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ತುಟಿಯೊಳಗಿಟ್ಟು, ಬಾಯಿಗೆ ಬಂದ ಬೈಗುಳವನ್ನು ಹೇಗೋ ನುಂಗಿಕೊಂಡು ಕೌದಿಯನ್ನೇ ದಿಟ್ಟಿಸಿದಳು. ಕಾಲು ತಿರುಗುತ್ತಾ ಎಂಬ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ರೋಡಾ ಹೇಳಿದ್ದು ಸುಳ್ಳಲ್ಲ. ಹೆಸರನ್ನೇನೋ ಬದಲಾಯಿಸಿದ್ದರು, ಕಾಲುಗಳು ಮಾತ್ರ ಮೊದಲಿನಂತೆಯೇ ಹೊರಟು ನಿಂತಿದ್ದವು.

"ಡೆಲ್ಫಾ, ಕತ್ತರಿ ತಾ."

ವರ್ಡಿ ಮೇಲ್ಹಾಸನ್ನು ಚೌಕಟ್ಟಿನಿಂದ ಕಳಚಿ ಮಡಿಲಿಗೆ ಎಳೆದುಕೊಂಡಳು. ತನ್ನದೇ ಹೊಲಿಗೆಯ ಕೆಳಗೆ ಕತ್ತರಿಯ ಮೊನೆ ತೂರಿಸಿದಳು. ಒಂದು ಚೌಕವನ್ನು ಬಿಡಿಸಿ ನಾಲ್ಕು ಕಾಲುಗಳನ್ನೂ ಬೇರೆ ಮಾಡಿದಳು. ಒಂದೊಂದನ್ನೂ ಹಿಂದುಮುಂದಾಗಿ ತಿರುಗಿಸಿ ಮೊಣಕಾಲ ಮೇಲೆ ಜೋಡಿಸಿಟ್ಟಳು. ಹೊರಗೆ ಚಾಚಿದ್ದ ಬೆರಳುಗಳೆಲ್ಲ ಈಗ ನಡುವಿಗೆ ಬಂದು ಸೇರಿದವು.

"ಈಗ ಹೇಳು. ಎಲ್ಲಿಗೆ ಹೊರಟಿವೆ?"

ರೋಡಾ ಬಗ್ಗಿ ನೋಡಿದಳು. ಮೂಲೆಯಿಂದ ನಡುವಿನವರೆಗೆ ಬೆರಳಾಡಿಸಿದಳು. "ಎಲ್ಲಿಗೂ ಇಲ್ಲ. ಮನೆಗೆ ಬರ್ತಿವೆ," ಎಂದಳು.

"ಮತ್ತೇನು ಬಾಯಿ ಬಿಟ್ಕೊಂಡು ನೋಡ್ತೀರಾ? ಬಿಚ್ಚಿ!" ವರ್ಡಿ ಗದರಿದಳು.

ಹೊಲಿಯಲು ಬಂದವರೆಲ್ಲ ಆ ದಿನ ಬಿಚ್ಚುತ್ತಾ ಕೂತರು. ಮುಂದಿನ ವಾರ ಕೌದಿ ಮುಗಿಯಿತು, ಅದರ ಹಿಂದೆಯೇ ಮದುವೆಯೂ ಆಯಿತು. ಊರ ಪದ್ಧತಿಯಂತೆ ಮನೆಗೊಂದಾಗಿ ಬಂದ ಸೇಬಿನ ಕೇಕಿನ ಪದರಗಳು ಒಂದರ ಮೇಲೊಂದು ಕೂತು ಈಗಲೋ ಆಗಲೋ ಬೀಳುವಂತೆ ವಾಲಿದ್ದವು. ಆ ಗದ್ದಲದಲ್ಲಿ ರೋಡಾ ಮೆಲ್ಲಗೆ ವರ್ಡಿಯ ಪಕ್ಕಕ್ಕೆ ಬಂದು ಕೂತಳು.

"ಈ ಚೌಕಕ್ಕೆ ಏನು ಹೆಸರು ಅತ್ತೆ?"

ಊರಿನ ಚೌಕಗಳ ಹೆಸರನ್ನೆಲ್ಲ ಬಲ್ಲವಳು ತಡವರಿಸಿದಳು. "ಇನ್ನೂ ಇಟ್ಟಿಲ್ಲ ಕಣೆ. ಮೊನ್ನೆ ಮೊನ್ನೆ ಹುಟ್ಟಿದ್ದಲ್ವಾ."

"ನನಗೂ ಕಲಿಸಿಕೊಡಿ. ಹಾಬರ್ಟ್ ಹಾಸಿಗೆ ಹಾಗೇ ಇಟ್ಟಿದ್ದೀನಿ."

"ಬಾ. ಆದ್ರೆ ಬೆರಳು ಮೊಂಡಾದ್ರೆ ಬಿಚ್ಚಿಸ್ತೀನಿ."

ಕೆಲವು ವರ್ಷಗಳ ಮೇಲೆ ವರ್ಡಿ ಮೊಮ್ಮಗಳ ಬಾಣಂತನಕ್ಕೆಂದು ಬೆಟ್ಟ ದಾಟಿದಳು. ದಾರಿಯಲ್ಲಿ ಯಾರದೋ ಮನೆಯ ಬೇಲಿಯ ಮೇಲೆ ಹೊಸ ಕೌದಿಯೊಂದು ಬಿಸಿಲು ಕಾಯುತ್ತಿತ್ತು. ಕಾಲುಗಳೆಲ್ಲ ಒಳಮುಖ. ವರ್ಡಿ ಕೋಲೂರಿ ನಿಂತಳು. ಗುರುತಿಲ್ಲದ ಹೆಂಗಸೊಬ್ಬಳು ಒಳಗಿನಿಂದ ಬಂದಳು.

"ಇದು ಯಾವ ಚೌಕ ಅಮ್ಮಾ?" ವರ್ಡಿ ಏನೂ ತಿಳಿಯದವಳಂತೆ ಕೇಳಿದಳು.

"ಅಯ್ಯೋ, ಗೊತ್ತಿಲ್ವಾ ನಿಮಗೆ? ವರ್ಡಿ ಹೆಜ್ಜೆ. ಈ ಕಡೆ ಗಂಡು ಮಕ್ಕಳಿರೋ ಮನೇಲೆಲ್ಲ ಇದೇ. ರೋಡಕ್ಕ ಕಲಿಸಿದ್ದು."

ವರ್ಡಿ ಅಂಚನ್ನು ಎತ್ತಿ ಬೆರಳಿನ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಚೂಪಾಗಿದ್ದವು. ತಾನು ಯಾರೆಂದು ಹೇಳಲಿಲ್ಲ. ಹೇಳಲು ಬಾಯಿ ತುರಿಸುತ್ತಿದ್ದರೂ ತಡೆದುಕೊಂಡಳು. ಬಾಣಂತನ ಮುಗಿಸಿ ಊರಿಗೆ ಮರಳಿದ ದಿನ, ತನ್ನ ಮನೆಯ ಬಾಗಿಲನ್ನೂ ತೆಗೆಯದೆ, ಅಷ್ಟು ದಿನ ತಡೆದಿಟ್ಟ ಸುದ್ದಿ ಹೇಳಲು ನೇರ ಪಕ್ಕದ ಐಡೆಲ್ ಮನೆಗೆ ನಡೆದಳು.