ಮೊದಲ ಗಿರಾಕಿ ಕೊಟ್ಟ ಕಂಬಳಿ

ಫ್ರೆಂಡ್ಸ್, ನಾನೂ ನನ್ನ ಹಾಸ್ಟೆಲ್ ರೂಮ್‌ಮೇಟ್ ಸಿದ್ದುವೂ ಜತ್ತದಲ್ಲಿ ತೆರೆದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಇಂದು ಮೊದಲ ಗಿರಾಕಿ ಬಂದರು. ಮಾಡಗ್ಯಾಳದ ಕುರಿಗಾರರ ಮನೆಯ ಆಯಿ, ಕಂಕುಳಲ್ಲಿ ಮೊಮ್ಮಗಳ ಲ್ಯಾಪ್‌ಟಾಪ್.

"ಚಾಲೂ ಮಾಡಿದ್ರ ಮೈ ಸುಡ್ತೈತಿ, ತಾನ ಬಂದ್ ಆಗ್ತೈತಿ. ನಾಳಿ ಪೋರಿ ಪ್ರಾಜೆಕ್ಟ್ ಕೊಡಬೇಕು, ಎಲ್ಲಾ ಇದರಾಗ ಐತಿ. ಲಗೂನ ನೋಡೋ ತಮ್ಮಾ."

ಫಸ್ಟ್ ಇಯರ್‌ನ ನನಗೆ ಫುಲ್ ಟೆನ್ಷನ್. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ತೆರೆದು ನೋಡಿದರೆ ಒಳಗಿನ ಫ್ಯಾನ್ ತುಂಬ ಉಣ್ಣೆ!

"ಆಯಿ, ಇದನ್ನ ಕುರಿ ಜೋಡಿ ಮಲಗಿಸ್ತೀರೇನ್ರಿ?" ಎಂದ ಸಿದ್ದು.

"ಧೂಳ ಹತ್ತಬಾರದಂತ ಕಂಬಳಿ ಹೊದಿಸ್ತೀನಪಾ. ಚಾಲೂ ಇದ್ದಾಗ ಸುದ್ದಾ. ಪೋರಿ ಬೆರಳಾಡ್ಸುವಷ್ಟ ಜಾಗಾ ಬಿಡ್ತೀನಿ."

ಬ್ಲೋವರ್ ಹಿಡಿದೆ. ಉಣ್ಣೆಯ ಎಳೆಗಳು ಬಾಗಿಲ ಬಿಸಿಲಿಗೆ ಎದ್ದು ನಿಧಾನವಾಗಿ ತೇಲತೊಡಗಿದವು, ಕುರಿಗಳ ಸಣ್ಣ ಹಿಂಡೊಂದು ಅಂಗಡಿಯ ಗಾಳಿಯಲ್ಲಿ ಮೇಯುತ್ತ ಹೊರಟಂತೆ. ಮೂವರೂ ನೋಡುತ್ತ ನಿಂತೆವು. ಆಮೇಲೆ ಸ್ವಿಚ್ ಒತ್ತಿದೆ. ಪರದೆ ಬೆಳಗಿತು, ಎಷ್ಟು ಹೊತ್ತಾದರೂ ಆರಲಿಲ್ಲ. ಪ್ರಾಜೆಕ್ಟ್ ಸೇಫ್.

"ಇನ್ನ ಕಂಬಳಿ ಹೊದಿಸಬ್ಯಾಡ್ರಿ ಆಯಿ, ಅದಕ್ಕ ಗಾಳಿ ಬೇಕು," ಎಂದೆ.

ಆಯಿ ತಮ್ಮ ಹೆಗಲ ಮೇಲಿನ ಕಂಬಳಿ ತೆಗೆದು ನಮ್ಮ ಟೇಬಲ್ ಮೇಲೆ ಹಾಸಿಯೇಬಿಟ್ಟರು. "ಹಂಗಾದ್ರ ಇದು ನಿಮಗಿರಲಿ. ಬಂದ ಮಷೀನ್ ಎಲ್ಲಾ ಇದರ ಮ್ಯಾಗ ಮೆತ್ತಗ ಮಲಗಿಸ್ರಿ."

ಉಣ್ಣೆಯ ಮೇಲಿಟ್ಟು ಕಂಪ್ಯೂಟರ್ ಬಿಚ್ಚಬಾರದು, ತಿಕ್ಕಾಟದಿಂದ ಹುಟ್ಟುವ ಸ್ಟ್ಯಾಟಿಕ್ ಚಾರ್ಜ್‌ಗೆ ಬೋರ್ಡ್ ಕೆಡುತ್ತದೆ ಎಂಬುದು ನಾವಿಬ್ಬರೂ ಕಲಿತ ಮೊದಲ ಪಾಠ. ಆದರೂ ಆಯಿ ಕೊಟ್ಟದ್ದನ್ನು ಇಟ್ಟುಕೊಂಡೆವು. ಸದ್ಯಕ್ಕೆ ಸಿದ್ದು ಅದನ್ನು ಹೊದ್ದು ಅಂಗಡಿಯಲ್ಲೇ ಮಲಗಿದ್ದಾನೆ. ಅವನೊಳಗೆ ಫ್ಯಾನ್ ಇಲ್ಲವಲ್ಲ, ನಡೆಯುತ್ತದೆ.